ಬೇಲೂರಿನವರಿಗೆ ಹಾಕಿದ ಹನ್ನೊಂದನೇ ಎಲೆ

ಕೆಳಗಿನ ಮನೆಗೆ ಹೊಸದಾಗಿ ಬಂದಿರುವ ಹುಡುಗಿಗೆ ಮೊನ್ನೆ ಒಂದು ಡಬ್ಬಿ ಬಿಸಿಬೇಳೆಭಾತ್ ಕೊಟ್ಟಿದ್ದೆ. ನಿನ್ನೆ ಡಬ್ಬಿ ವಾಪಸ್ ಬಂತು. ಈಗಿನವರು ತೊಳೆದು ಕೊಟ್ಟರೆ ಅದೇ ದೊಡ್ಡದು ಅಂದುಕೊಂಡು ಮುಚ್ಚಳ ತೆಗೆದರೆ ಒಳಗೊಂದು ಕಿತ್ತಳೆ ಹಣ್ಣು. ಡಬ್ಬಿಯೊಳಗೆ ಕಟ್ಟಿಕೊಂಡಿದ್ದ ಸಿಪ್ಪೆಯ ವಾಸನೆ ಒಮ್ಮೆಗೇ ಮೂಗಿಗೆ ಹೊಡೆಯಿತು. "ಪಾತ್ರೆ ಖಾಲಿ ಕೊಡಬಾರದು ಅಂತ ನಮ್ಮಜ್ಜಿ ಹೇಳ್ತಿದ್ರು ಆಂಟಿ" ಅಂದಳು. ಅವಳನ್ನು ಒಳಗೆ ಬಾ ಅಂತಲೂ ಕರೆಯದೆ ಬಾಗಿಲಲ್ಲೇ ನಿಂತುಬಿಟ್ಟೆ. ಆಗಿನಿಂದ ಮನೆಯೊಳಗೆ ಸುತ್ತುತ್ತಲೇ ಇದ್ದೇನೆ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಯಾಕೆ ಎದ್ದೆ ಅಂತ ಮರೆತುಹೋಗಿರುತ್ತದೆ.

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಒಡಹುಟ್ಟಿದವಳಲ್ಲ. ನಾನು ಮದುವೆಯಾಗಿ ಹೋದ ಹೊಸದರಲ್ಲಿ ಒಲೆ ಹೊತ್ತಿಸಲು ಬಾರದೆ ಹೊಗೆಯಲ್ಲಿ ಕೆಮ್ಮುತ್ತಿದ್ದಾಗ ಗೋಡೆಯಾಚೆಯಿಂದ, "ಸೌದೆ ಹಸಿ ಇದೆ ಕಣೇ, ನಮ್ಮನೇದು ತಗೊಂಡು ಹೋಗು" ಅಂದವಳು. ಅವತ್ತಿನಿಂದ ಅಕ್ಕ. ಐವತ್ತರ ದಶಕ ಮುಗಿದು ಅರವತ್ತು ಶುರುವಾಗಿದ್ದ ದಿನಗಳು. ಅವಳ ಗಂಡ ಲೋಕೋ ಶೆಡ್ಡಿನಲ್ಲಿ ಫಿಟ್ಟರ್, ಜೊತೆಗೆ ಸ್ಟೇಷನ್ನಿನವರು ಕಟ್ಟಿಕೊಂಡಿದ್ದ ಫುಟ್‌ಬಾಲ್ ಟೀಮಿಗೆ ಕ್ಯಾಪ್ಟನ್. ನಮ್ಮೆಜಮಾನರು ಪಾರ್ಸೆಲ್ ಆಫೀಸಿನ ಗುಮಾಸ್ತರು. ಗಾಳಿ ಬಂದರೆ ಹಾರಿಹೋಗುವಂತಿದ್ದ ಅವರನ್ನೂ ಎಡಗಡೆಯ ತುದಿಯಲ್ಲಿ ಓಡಲು ಸೇರಿಸಿಕೊಂಡಿದ್ದರು.

ಆ ಟೀಮಿಗೆ ಪಂದ್ಯದ ದಿನದ ಊಟ ಅಕ್ಕನ ಮನೆಯಲ್ಲಿ. ಆಟ ಸಂಜೆ ನಾಲ್ಕಕ್ಕೆ, ಎಲೆ ಬೀಳುತ್ತಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ. ಅದಕ್ಕೆ ಅವಳದೇ ಒಂದು ನೇಮವಿತ್ತು. ಎದುರಾಳಿಗಳ ಊರಿನ ಹೆಸರುವಾಸಿ ಪದಾರ್ಥ ಎಲೆಗೆ ಮೊದಲು ಬೀಳಬೇಕು, ಅದನ್ನು ಎಲ್ಲರೂ ತಿಂದು ಮುಗಿಸಬೇಕು. ಹಾಸನದವರು ಬಂದರೆ ಆಲೂಗಡ್ಡೆ ಪಲ್ಯ. ತಿಪಟೂರಿನವರಾದರೆ ಕೊಬ್ಬರಿ ಮಿಠಾಯಿ. ದಾವಣಗೆರೆಯವರು ಬಂದ ದಿನ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ. ಅವತ್ತು ನಮ್ಮವರು ಬಾಯಿ ಉರಿಗೇ ಓಡಿ ಗೆದ್ದರು ಅಂತ ಎಲ್ಲರೂ ನಕ್ಕಿದ್ದರು. ಕೊನೆಗೆ ಚಿತ್ರಾನ್ನ. ಟೀಮಿನ ಬಣ್ಣ ಹಳದಿ, ಅಂದರೆ ಅಕ್ಕನೇ ಬಿಳಿ ಬನಿಯನ್ನುಗಳನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ ಕೊಡುತ್ತಿದ್ದ ಹಳದಿ. ಮೈಮೇಲಿನ ಬಣ್ಣ ಬೆವರಿಗೆ ಇಳಿದುಹೋದರೂ ಹೊಟ್ಟೆಯೊಳಗಿನದು ಹೋಗುವುದಿಲ್ಲವಂತೆ. ಹಿಂದುಗಡೆ ನಿಂತು ಚೆಂಡು ತಡೆಯುತ್ತಿದ್ದ, ಶೆಡ್ಡಿನಲ್ಲಿ ಎತ್ತಿ ಇಳಿಸುವ ಕೆಲಸದ ದಪ್ಪನೆಯ ಕಲಾಸಿಯೊಬ್ಬ ಅಂಗಳಕ್ಕೆ ಕಾಲಿಡುತ್ತಲೇ ಕೇಳುತ್ತಿದ್ದ: "ಅಕ್ಕಾರೆ, ಇವತ್ತು ಯಾರನ್ ತಿನ್ಬೇಕು?"

ಇಷ್ಟೆಲ್ಲ ಮಾಡುವವಳ ಮನೆಯಲ್ಲಿ ಈಳಿಗೆಮಣೆ ಇರಲಿಲ್ಲ. ತರಕಾರಿಯನ್ನೆಲ್ಲ ಒಂದು ಮೊಂಡು ಚಾಕುವಿನಲ್ಲಿ ಹೆಚ್ಚುತ್ತಿದ್ದಳು, ಇಲ್ಲದಿದ್ದರೆ ನನ್ನ ಮನೆಗೆ ಹೊರಿಸುತ್ತಿದ್ದಳು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಎರಡು ಸೇರು ಆಲೂಗಡ್ಡೆ ಹೆಚ್ಚಿ ಬೆನ್ನು ಹಿಡಿದುಕೊಂಡ ದಿನ, "ನಾನೇನು ನಿಮ್ಮ ಟೀಮಿನ ಕೂಲಿಯಾ? ಒಂದು ಈಳಿಗೆಮಣೆ ತಂದುಕೊಡಿ ಅಂತ ನಿಮ್ಮೆಜಮಾನರಿಗೆ ಹೇಳೋಕೆ ಏನು ದಾಡಿ?" ಅಂತ ಕೇಳಿಯೇಬಿಟ್ಟಿದ್ದೆ. ಅಕ್ಕ ನಕ್ಕು, ಹೆಚ್ಚಿದ್ದನ್ನು ಎತ್ತಿಕೊಂಡು ಹೋಗಿದ್ದಳು.

ಬೇಲೂರಿನ ಹುಡುಗರು ಆಡಲು ಬರುತ್ತಾರೆ ಅಂತ ಗೊತ್ತಾಗಿದ್ದು ಒಂದು ಚಳಿಗಾಲದಲ್ಲಿ. ಅವರ ಕಡೆಯಿಂದ ಬಂದಿದ್ದ ಆಟಗಾರರ ಪಟ್ಟಿಯನ್ನು ಅಕ್ಕನ ಗಂಡ ಊಟಕ್ಕೆ ಕೂತಾಗ ಓದಿದರಂತೆ. ಗೋಲ್‌ಕೀಪರನ ಹೆಸರು ಬರುತ್ತಲೇ ಅಕ್ಕನ ಕೈಯಿಂದ ಸೌಟು ಜಾರಿತಂತೆ. ಅವಳ ತವರು ಬೇಲೂರು. ಹೆಸರು ಅವಳ ಒಬ್ಬನೇ ತಮ್ಮನದು. ಆ ವಾರವೆಲ್ಲ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಗ್ಗರಣೆ ಸೀದುಹೋಗುತ್ತಿತ್ತು. ಬಾವಿಗೆ ಅಂತ ಹೋದವಳು ಕೊಡ ಮರೆತು ಬರಿಗೈಯಲ್ಲಿ ವಾಪಸ್ ಬರುತ್ತಿದ್ದಳು. ಅವಳ ಕಳವಳ ನನಗೂ ಅಂಟಿ ನಾನೂ ಸುಮ್ಮಸುಮ್ಮನೆ ಮನೆಯವರ ಮೇಲೆ ರೇಗುತ್ತಿದ್ದೆ.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ನಾನು ಈಳಿಗೆಮಣೆಯ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದೆ. ಅವಳು ಎದುರಿಗೆ ಬಂದು ಕೂತಳು.

"ಅವನ ಚೆಂಡನ್ನ ನಾನು ಇದೇ ಥರದ್ದರಲ್ಲಿ ಸೀಳಿಬಿಟ್ಟೆ ಕಣೇ" ಅಂದಳು.

ಅವಳ ತಂದೆ ದೇವಸ್ಥಾನದ ಅಡುಗೆಮನೆಯಲ್ಲಿ ನೈವೇದ್ಯ ಮಾಡುವವರು. ತಾಯಿ ಬೇಗ ಹೋದರು, ತಮ್ಮನನ್ನು ಎತ್ತಿ ಆಡಿಸಿದವಳು ಇವಳೇ. ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ಅರೇಹಳ್ಳಿಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಸೋದರಮಾವ ಒಂದು ಫುಟ್‌ಬಾಲ್ ತಂದುಕೊಟ್ಟರು. ಚರ್ಮದ್ದು. ಅದು ಉರುಳಿಕೊಂಡು ಒಂದು ದಿನ ಅಪ್ಪನ ಮಡಿಬಟ್ಟೆಗೆ ತಗುಲಿತು. ಅಪ್ಪ ಕೂಗಾಡಲಿಲ್ಲ. ಮಗಳನ್ನು ಕರೆದು, "ಇದನ್ನ ನೀನೇ ಮುಗಿಸು" ಅಂದರು. ಇವಳು ಮುಗಿಸಿದಳು. ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ, ಅಳಲಿಲ್ಲ. ಆವತ್ತಿನಿಂದ ಅವಳನ್ನು ಅಕ್ಕ ಅಂತ ಕರೆಯಲಿಲ್ಲ.

"ನನ್ನ ಮದುವೇಲಿ ತಮ್ಮನಾದವನು ಕೈಗೆ ಅರಳು ಹಾಕಬೇಕು, ಅದಕ್ಕೂ ಬರಲಿಲ್ಲ. ಚಿಕ್ಕಪ್ಪನ ಮಗ ಹಾಕಿದ" ಅಂದಳು. "ಅಪ್ಪ ಹೇಳಿದರು, ಸರಿ. ಕೈ ನಂದೇ ಅಲ್ವಾ..."

ಇಷ್ಟು ವರ್ಷ ಊರವರ ಟೀಮಿಗೆ ಬೇಯಿಸಿ ಬಡಿಸಿದ್ದು ಯಾಕೆ, ಮನೆಗೆ ಈಳಿಗೆಮಣೆ ತರಿಸದೆ ಇದ್ದದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ಹೆಚ್ಚುತ್ತಿದ್ದ ಬೀನ್ಸನ್ನು ಪಕ್ಕಕ್ಕೆ ತಳ್ಳಿದೆ. ಅವತ್ತು ಏನು ದಾಡಿ ಅಂತ ಅವಳನ್ನು ಕೇಳಿದ್ದಕ್ಕೆ ನನ್ನ ನಾಲಿಗೆಯ ಮೇಲೇ ನನಗೆ ಕೋಪ ಬಂತು.

ಬೇಲೂರಿಗೆ ಏನು ಮಾಡುತ್ತಾಳೆ ಅಂತ ಟೀಮಿನವರೆಲ್ಲ ಕಾಯುತ್ತಿದ್ದರು. ಬೇಲೂರು ಅಂದರೆ ಅವಳ ಪಾಲಿಗೆ ಅಪ್ಪನ ಕೈಯ ಪುಳಿಯೋಗರೆ. "ದೇವರಿಗಿಟ್ಟ ಪ್ರಸಾದಾನ ಎದುರಾಳಿ ಅಂತ ಅಗಿಯೋಕಾಗುತ್ತಾ?" ಅಂದು ನಮ್ಮವರಿಗೆ ಬರೀ ಪಲ್ಯ, ಚಿತ್ರಾನ್ನ ಬಡಿಸಿದಳು. ಪುಳಿಯೋಗರೆ ಮಾಡಿದ್ದು ಬೇಲೂರಿನವರಿಗೇ. ಗಂಡನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿ ಹನ್ನೊಂದು ಜನರನ್ನೂ ಊಟಕ್ಕೆ ಕರೆಸಿದಳು. ಹತ್ತು ಜನ ಬಂದರೆ ಹನ್ನೊಂದನೆಯವನು ಹೇಗೆ ಹಿಂದೆ ಉಳಿಯುತ್ತಾನೆ ಅನ್ನುವುದು ಅವಳ ಲೆಕ್ಕ. ಕಲಾಸಿ ಮಾತ್ರ ಕೈ ತೊಳೆಯುತ್ತಾ ಗೊಣಗಿದ: "ಎದುರು ಪಾರ್ಟಿಗೆ ಊಟ ಹಾಕುದ್ರೆ ಸೋಲು ಗ್ಯಾರಂಟಿ ಐತೆ ಅಕ್ಕಾರೆ, ಬರ್ಕೊಳ್ಳಿ."

ಜಾವಗಲ್ ಮೇಲಿಂದ ಬಂದ ಬಸ್ಸಿನಿಂದ ಇಳಿದವರು ಅಂಗಳಕ್ಕೆ ಬಂದರು. ನಾನು ಕಿಟಕಿಯಿಂದ ಎಣಿಸಿದೆ. ಹತ್ತು.

"ಗೋಲ್‌ಕೀಪರು ಬರಲ್ವಂತೆ ಕಣಮ್ಮ. ಹೊಟ್ಟೆ ಸರಿ ಇಲ್ಲ ಅಂತ ಬಸ್ ಸ್ಟ್ಯಾಂಡಲ್ಲೇ ಕೂತವ್ನೆ" ಅಂದ ಅವರ ಕ್ಯಾಪ್ಟನ್.

ಅಕ್ಕ ಆಯ್ತು ಅಂದಳು. ಹತ್ತು ಜನಕ್ಕೂ ಬಡಿಸಿದಳು, ಉಪಚಾರ ಮಾಡಿದಳು. ಹನ್ನೊಂದನೇ ಎಲೆಯನ್ನು ತೆಗೆಯಲು ಬಿಡಲಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ನೀರು ಚಿಮುಕಿಸಿದ ಆ ಎಲೆ ಅಂಗಳದಲ್ಲಿ ಹಾಗೇ ಇತ್ತು. ನನಗೆ ರೇಗಿಹೋಯಿತು. "ಬಂದರೆ ಬರಲಿ, ಬಿಟ್ಟರೆ ಬಿಡಲಿ. ಒಂದು ಚೆಂಡಿಗೆ ಇಷ್ಟು ವರ್ಷ ಹಟ ಸಾಧಿಸೋನು ಎಂಥ ತಮ್ಮ?" ಅಂದೆ. ಅವಳು ಮಗ್ಗುಲಲ್ಲಿ ತಗ್ಗು ಬಿದ್ದಿದ್ದ ಅಲ್ಯುಮಿನಿಯಂ ಡಬ್ಬಿಗೆ ಪುಳಿಯೋಗರೆ ಒತ್ತಿ ತುಂಬಿದಳು.

"ನಡಿಯೇ" ಅಂದಳು.

"ಎಲ್ಲಿಗೆ?"

"ಆಟ ನೋಡೋಕೆ."

ಆ ಮೈದಾನಕ್ಕೆ ಅದುವರೆಗೆ ಹೆಂಗಸರು ಹೋದದ್ದನ್ನು ನಾನು ಕಂಡಿರಲಿಲ್ಲ. ಶೆಡ್ಡಿನ ಆಚೆಯಿಂದ ಕೇಳುವ ಸೀಟಿ, ಕೂಗಾಟದಲ್ಲೇ ಯಾರು ಗೆದ್ದರು ಅಂತ ಊಹಿಸುತ್ತಿದ್ದವರು ನಾವು. ಸೆರಗು ಹೊದ್ದುಕೊಂಡು ಹೋಗಿ ಬೇಲೂರಿನವರ ಗೋಲಿನ ಹಿಂದೆ ಹೊಂಗೆ ಮರದ ಕೆಳಗೆ ನಿಂತೆವು. ನೂರು ಕಣ್ಣು ನಮ್ಮ ಮೇಲೆ. ಗೋಲಿನಲ್ಲಿ ಅವನು ಬೆನ್ನು ತೋರಿಸಿಕೊಂಡು ನಿಂತಿದ್ದ. ಅಕ್ಕನದೇ ಭುಜ, ಅಕ್ಕನ ಹಾಗೇ ಒಂದು ಕಡೆಗೆ ವಾಲಿದ ಕತ್ತು.

ಸ್ವಲ್ಪ ಹೊತ್ತಿಗೆ ಯಾರೋ ಒದ್ದ ಚೆಂಡು ಗುರಿ ತಪ್ಪಿ ಗೋಲಿನ ಪಕ್ಕದಿಂದ ಹಾರಿ, ಉರುಳುತ್ತಾ ಬಂದು ಅಕ್ಕನ ಕಾಲ ಬಳಿ ನಿಂತಿತು. ಅಕ್ಕ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ಎರಡೂ ಕೈಯಲ್ಲಿ ಚೆಂಡನ್ನು ಎತ್ತಿಕೊಂಡಳು. ಅವನು ಓಡಿಬಂದವನು ಮೂರು ಮಾರು ದೂರದಲ್ಲಿ ನಿಂತುಬಿಟ್ಟ. ಅಕ್ಕ ಚೆಂಡನ್ನು ಮುಂದೆ ಚಾಚಿದಳು. ಅಕ್ಕ ಏನಾದರೂ ಮಾತಾಡಲಿ ಅಂತ ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವನು ಚೆಂಡನ್ನು ತೆಗೆದುಕೊಂಡು, ಅದನ್ನೇ ನೋಡುತ್ತಾ ಹೇಳಿದ: "ದೂರ ನಿಂತ್ಕೊಳ್ಳಿ. ಏಟು ಬೀಳುತ್ತೆ."

ಆಟದ ನಡುವೆ ವಿರಾಮಕ್ಕೆ ಸೀಟಿ ಊದುತ್ತಲೇ ಅಕ್ಕ ಡಬ್ಬಿಯನ್ನು ಅವನು ಕಳಚಿಟ್ಟಿದ್ದ ಅಂಗಿಯ ಪಕ್ಕದಲ್ಲಿ ಇಟ್ಟು, "ಒಲೆ ಮೇಲೆ ಹಾಲಿದೆ ಕಣೇ" ಅನ್ನುತ್ತಾ ಹೊರಟಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ನಾನೂ ಹಿಂದೆಯೇ ಓಡಿದೆ.

ನಮ್ಮವರು ಒಂದು ಗೋಲಿನಿಂದ ಸೋತರು. ಆ ಗೋಲ್‌ಕೀಪರು ಗೋಡೆಯ ಹಾಗೆ ನಿಂತಿದ್ದನಂತೆ. ಹೊಟ್ಟೆ ಸರಿ ಇಲ್ಲದವನು ಹೀಗೆ ಹಾರ್ತಾನಾ ಅಂತ ಕಲಾಸಿ ತಿಂಗಳುಗಟ್ಟಲೆ ಆಡಿಕೊಂಡ. ಹೊತ್ತು ಮುಳುಗುವ ಮುಂಚೆ ನಮ್ಮೆಜಮಾನರು ಸೋತ ಮುಖ ಹೊತ್ತು ಬಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. "ಬಸ್ ಹೊರಡೋವಾಗ ಗೋಲ್‌ಕೀಪರು ಕೊಟ್ಟ" ಅಂದರು.

ಅಕ್ಕ ಅದನ್ನು ಮುಟ್ಟಲಿಲ್ಲ. ತುಂಬಿದ ಹಾಗೇ ವಾಪಸ್ ಬಂದಿದ್ದರೆ ಅನ್ನುವ ಭಯ. ನನಗೆ ತಾಳ್ಮೆ ಎಲ್ಲಿಂದ ಬರಬೇಕು? "ತೆಗೀರಿ ಅಕ್ಕ, ನನ್ನ ಜೀವ ಹೋಗ್ತಿದೆ" ಅಂದೆ.

ತೆಗೆದಳು. ಒಂದಗುಳು ಇರಲಿಲ್ಲ. ಡಬ್ಬಿ ತೊಳೆದಿದ್ದ, ಅಂಚಿನಲ್ಲಿ ಇನ್ನೂ ನೀರಿನ ಹನಿಗಳಿದ್ದವು. ನಡುವೆ ಅರ್ಧ ಕಿತ್ತಳೆ ಹಣ್ಣು. ವಿರಾಮದಲ್ಲಿ ಆಟಗಾರರಿಗೆ ತಲೆಗೆ ಅರ್ಧದಂತೆ ಕೊಡುತ್ತಿದ್ದ ಹಣ್ಣು. ಅವನ ಪಾಲಿನದು.

"ಪಾತ್ರೆ ಖಾಲಿ ಕೊಡಬಾರದು ಅಂತ ನಾನೇ ಹೇಳಿಕೊಟ್ಟಿದ್ದೆ" ಅಂದಳು ಅಕ್ಕ. "ಪಕ್ಕದ ಮನೆಗೆ ಕಳಿಸೋವಾಗ... ಪುಟ್ಟ ಹುಡುಗ ಆಗ." ಆಮೇಲೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ನಾನೂ ಅತ್ತೆ. ಹಣ್ಣಿನಲ್ಲಿ ನನಗೂ ಎರಡು ತೊಳೆ ಕೊಟ್ಟಳು, ಹುಳಿ ಅಂದರೆ ಹುಳಿ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕ ನಿಂತಿದ್ದಳು. "ನಿನ್ನ ಈಳಿಗೆಮಣೆ ಕೊಡೇ, ಹುರುಳಿಕಾಯಿ ಹೆಚ್ಚಬೇಕು" ಅಂದಳು.

ಮುಂದಿನ ವರ್ಷ ನಮಗೆ ವರ್ಗವಾಯಿತು. ಅಷ್ಟರೊಳಗೆ ತಮ್ಮ ಮನೆಗೆ ಬಂದಿರಲಿಲ್ಲ. ಬರುತ್ತಾನೆ, ಅವಸರ ಏನು ಅನ್ನುತ್ತಿದ್ದಳು. ಹೊರಡುವ ದಿನ ರೈಲಿನಲ್ಲಿ ತಿನ್ನಲು ಅಂತ ಅದೇ ಡಬ್ಬಿಗೆ ಪುಳಿಯೋಗರೆ ತುಂಬಿ ತಂದಳು. "ಬೇರೆ ಡಬ್ಬಿಗೆ ಹಾಕ್ಕೊಡಿ, ಇದು ಬೇಡ" ಅಂದರೆ ಕೇಳಲಿಲ್ಲ. "ಇದನ್ನ ವಾಪಸ್ ಕೊಡೋ ನೆಪದಲ್ಲಾದರೂ ಬರ್ತೀಯಲ್ಲ" ಅಂದಳು.

ನಾನು ಹೋಗಲಿಲ್ಲ. ಮಗುವಾಯಿತು, ಅತ್ತೆಗೆ ಹುಷಾರು ತಪ್ಪಿತು, ಮುಂದಿನ ತಿಂಗಳು, ಮುಂದಿನ ಬೇಸಿಗೆ... ನೆಪಗಳಿಗೇನು ಬರ. ಮೂರು ವರ್ಷದ ಮೇಲೆ ನಮಗೆ ವರ್ಗವಾಗಿದ್ದ ಊರಿನ ಸ್ಟೇಷನ್ನಿನಲ್ಲಿ ಆ ಕಲಾಸಿ ಸಿಕ್ಕ. ಅಕ್ಕ ವಿಷಮಶೀತ ಜ್ವರದಲ್ಲಿ ಹೋಗಿ ಆರು ತಿಂಗಳಾಗಿತ್ತು.

"ತಮ್ಮ ಬಂದಿದ್ದ ಕಣಮ್ಮ, ಕೊನೇಗೆ" ಅಂದ. "ಎಲ್ಲಾ ಮುಗುದ್ಮೇಲೆ ಅಡುಗೆಮನೇಲಿ ಏನೋ ಹುಡುಕ್ತಾ ಇದ್ದ. ಏನ್ಲಾ ಅಂದ್ರೆ, ಒಂದು ತಗ್ಗು ಬಿದ್ದಿರೋ ಡಬ್ಬಿ ಇತ್ತು, ಅದೊಂದು ನಂಗೆ ಬೇಕು ಅಂದ. ಎಲ್ಲಾ ಕಡೆ ನೋಡುದ್ವಿ. ಸಿಗ್ನಿಲ್ಲ."

ಆ ಡಬ್ಬಿ ನನ್ನ ಮನೆಯಲ್ಲಿದೆ ಅಂತ ಕಲಾಸಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಬೇಲೂರಿಗೆ ನಾನೇ ಹೋಗಿ ಆ ತಮ್ಮನ ಕೈಗೆ ಕೊಡುತ್ತೇನೆ ಅಂದುಕೊಂಡೆ. ಹೋಗಿ ಏನಂತ ಹೇಳುವುದು ಅನ್ನುವ ನಾಚಿಕೆಯಲ್ಲಿ ದಿನ ದೂಡಿದೆ. ಕಂಡವರ ಮೇಲೆಲ್ಲ ರೇಗುವ ನಾನು ಬಸ್ ಹತ್ತುವ ಧೈರ್ಯ ಮಾಡಲಿಲ್ಲ. ಈಗ ಅವನು ಇದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ.

ಇವತ್ತು ಬೆಳಿಗ್ಗೆ ಸ್ಟೂಲು ಹಾಕಿಕೊಂಡು ಅಟ್ಟದಿಂದ ಡಬ್ಬಿ ಇಳಿಸಿದೆ. ಹುಣಿಸೆಹಣ್ಣು ಹಾಕಿ ಉಜ್ಜಿದೆ. ಮಗ್ಗುಲಿನ ತಗ್ಗು ಹಾಗೇ ಇದೆ. ಕೆಳಗಿನ ಮನೆಯ ಹುಡುಗಿ ಕೊಟ್ಟ ಕಿತ್ತಳೆಯನ್ನು ಅರ್ಧ ಮಾಡಿ ಒಳಗಿಟ್ಟು ಮುಚ್ಚಳ ಹಾಕಿದೆ. ಮೇಜಿನ ಮೇಲೆ ಇದೆ. ಕೊಡಲು ಯಾರೂ ಇಲ್ಲ.