ಹಗೇವಿಗೆ ಇಳಿಬಿಟ್ಟ ಮೊಲ

ನೆಲದೊಳಗೆ ಜೋಳ ತುಂಬಿ ಮುಚ್ಚಿಟ್ಟ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯಬಾರದು. ಒಳಗಿನ ಗಾಳಿ ಕೆಟ್ಟಿರುತ್ತದೆ. ಮೊದಲು ಹಗ್ಗ ಕಟ್ಟಿ ದೀಪ ಬಿಡುತ್ತಾರೆ. ದೀಪ ಆರದಿದ್ದರೆ ಆಳು ಇಳಿಯುತ್ತಾನೆ. ಪ್ಲೇಗು ಬಂದು ಹೋದ ಮರುವರ್ಷ ದೊಡವಾಡದಲ್ಲಿ ದೀಪ ಆರದ ಹಗೇವಿಗೆ ಇಳಿದವನೊಬ್ಬ ನಗುತ್ತಲೇ ಮೇಲೆ ಬಂದು, ಉಂಡು ಮಲಗಿ, ಮರುದಿನ ಬಾಯಲ್ಲಿ ನೊರೆ ಬಂದು ಸತ್ತ.

ಆಗ ನಾನು ಬೈಲಹೊಂಗಲದ ದವಾಖಾನೆಯಲ್ಲಿ ಕಂಪೌಂಡರ್. ಆ ಸಾವು ನಮ್ಮ ಡಾಕ್ಟರರ ತಲೆ ಕೊರೆಯತೊಡಗಿತು. ಮನುಷ್ಯನ ಶ್ವಾಸಕೋಶಕ್ಕೆ ಆದದ್ದನ್ನು ಪ್ರಾಣಿಯಲ್ಲಿ ಮಾಡಿ ನೋಡಬೇಕು, ಆಗಲೇ ಔಷಧ ಹೊಳೆದೀತು ಎಂದರು. ಮೊಲವನ್ನು ಬುಟ್ಟಿಯಲ್ಲಿಟ್ಟು ಹಗೇವಿಗೆ ಇಳಿಬಿಡುವುದು, ಮೇಲೆತ್ತಿ ಎರಡು ದಿನ ಕಾಯುವುದು, ಸತ್ತರೆ ಕೊಯ್ದು ನೋಡುವುದು. ಕೊಯ್ಯುವ ಕೆಲಸ ನನ್ನದು. ಲಿಂಗ ಕಟ್ಟಿದವನು ಕಟುಕನಾದ ಎಂದು ಮಂದಿ ಆಡಿಕೊಂಡರು. ನನಗೋ ಒಳಗೊಳಗೇ ಹೆಮ್ಮೆ. ಅಲ್ಪ ವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ಅವನೇ ನಾನು.

ಮೊದಲ ಮೂರು ಮೊಲಗಳಿಗೆ ಏನೂ ಆಗಲಿಲ್ಲ. ನಾಲ್ಕನೆಯದನ್ನು ದೊಡವಾಡದಲ್ಲಿ ನನ್ನ ಅಕ್ಕನ ಗಂಡನ ಹಗೇವಿಗೇ ಬಿಟ್ಟೆವು. ಮೇಲೆ ಬಂದದ್ದೇ ಕಿವಿ ಕೊಡವಿ ಸೊಪ್ಪು ತಿಂದಿತು. ಡಾಕ್ಟರರು ಅದನ್ನು ಗಾಡಿಗೆ ಹಾಕಿಸಿಕೊಂಡು ಹೊರಟರು. ಹಗ್ಗ ಸುತ್ತುತ್ತ ಉಳಿದವನು ನಾನೊಬ್ಬನೇ.

“ಏನಪಾ ಡಾಕ್ಟರಾ, ಮಳಿ ಬರೂದ್ರಾಗ ಜ್ವಾಳಾ ತಗೀಬೇಕು. ಇಳೀಲೇನು?” ಎಂದು ಅಕ್ಕನ ಗಂಡ ಕೇಳಿದರು.

ಎರಡು ದಿನ ಕಾಯಿರಿ ಎನ್ನಬೇಕಿತ್ತು. ಆದರೆ ನನ್ನನ್ನು ಬಾಟಲಿ ತೊಳೆಯುವವ ಎಂದು ಸದಾ ಚಾಷ್ಟಿ ಮಾಡುತ್ತಿದ್ದವರು ಮೊದಲ ಸಲ ನನ್ನ ಅಪ್ಪಣೆ ಕೇಳಿದ್ದರು.

“ಮೊಲಾ ಮೇಯಾಕ ಹತ್ತಿತ್ತಲ್ರಿ ಮಾಮಾ. ಇಳೀರಿ,” ಎಂದೆ.

ಮರುದಿನ ಮುಂಜಾನೆ ದವಾಖಾನೆಯಲ್ಲಿ ಆ ಮೊಲ ಬಾಯಿ ತೆರೆದು ಏದುತ್ತಿತ್ತು. ಹೊತ್ತೇರುವಷ್ಟರಲ್ಲಿ ಸತ್ತಿತು. ಕೊಯ್ದೆ. ಶ್ವಾಸಕೋಶ ನೆನೆದ ಅರಳೆಯ ಹಾಗೆ ಭಾರ, ಒತ್ತಿದರೆ ನೊರೆ. “ಸಿಕ್ಕಿತು!” ಎಂದು ಡಾಕ್ಟರರು ನನ್ನ ಭುಜ ತಟ್ಟಿದರು. ನಾನು ಕತ್ತರಿ ಅಲ್ಲೇ ಬಿಟ್ಟು ಗಾಡಿ ಹೂಡಿಸಿದೆ.

ಅಕ್ಕನ ಮನೆಯ ಅಂಗಳಕ್ಕೇ ಆ ಉಸಿರು ಕೇಳಿಸಿತು. ಮೊಲದ್ದೇ ಉಸಿರು. ಈಗಲೂ ಪಕ್ಕದಲ್ಲಿ ಯಾರಾದರೂ ಗೊರಕೆ ಹೊಡೆದರೆ ನಾನು ಎದ್ದು ಹೊರಗೆ ಹೋಗಿ ಕೂರುತ್ತೇನೆ. ಡಾಕ್ಟರರೂ ಹಿಂದೆಯೇ ಬಂದರು, ಆದರೆ ಔಷಧವಿನ್ನೂ ಹೊಳೆದಿರಲಿಲ್ಲ. ಸಂಜೆಗೆ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ನನ್ನ ಪಕ್ಕದಲ್ಲಿ ಕುಳಿತಳು.

“ತಮ್ಮಾ, ನೀ ಬ್ಯಾಡಂತ ಹೇಳೇ ಇರತಿ. ಅವರ ಹಟಾ ನನಗ ಗೊತ್ತಿಲ್ಲೇನು? ನಿನ್ನ ಮಾತ ಕೇಳಲಿಲ್ಲ, ಹೌದಿಲ್ಲೋ?”

ನಾನು ಹೌದೆಂದೆ.

ಅಂದಿನಿಂದ ತಾನು ಸಾಯುವವರೆಗೂ ಅಕ್ಕ ಆ ಮನುಷ್ಯನನ್ನು ಹಟಮಾರಿ ಎಂದು ಬೈಯುತ್ತಲೇ ಇದ್ದಳು. ನಾನು ಎದುರಿಗೆ ಕುಳಿತು ಕೇಳುತ್ತಿದ್ದೆ.