ಟೀಚರ ದನಿ, ಪೇರಲೆ ಮರದ ಫೋನು

ನಮ್ಮ ಶಾಲೆಯಲ್ಲಿ ಇಂಟರ್‌ನೆಟ್ಟು ಪೇರಲೆ ಮರದಲ್ಲಿ ಬಿಡುತ್ತದೆ. ಕೊಪ್ಪದಿಂದ ನಾರ್ವೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಶಾಲೆ. ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ಆ ಮರ. ಅದರ ಕವಲಿನಲ್ಲಿ ಒಂದು ಬಟ್ಟೆ ಚೀಲ ಸದಾ ನೇತಾಡುತ್ತಿರುತ್ತದೆ. ಬೆಳಿಗ್ಗೆ ಬಂದವರು ಮೊದಲು ಫೋನನ್ನು ಆ ಚೀಲದೊಳಗೆ ಇಳಿಬಿಡಬೇಕು, ಆಮೇಲೆ ಹಾಜರಿ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಒಂದು ವೀಡಿಯೊ ಇಳಿದಿರುತ್ತದೆ. ಅಳಿಲು ಬಂದರೆ ಅರ್ಧ.

ನಾನು ಅಲ್ಲಿ ಅತಿಥಿ ಶಿಕ್ಷಕ. ಊರು ಸಿರಿಮನೆ ಹತ್ತಿರ. ಶೃಂಗೇರಿ ದಾಟಿ ಬೈಕಿನಲ್ಲಿ ಬರುವವನು. ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನು ಎನ್ನುವ ಒಂದೇ ಕಾರಣಕ್ಕೆ, ಬಾಳಗಡಿಯಲ್ಲಿ ತಂತ್ರಜ್ಞಾನದ ತರಬೇತಿ ಎಂದಾಗ ಹೆಡ್ಮಾಸ್ಟ್ರು ನನ್ನನ್ನೇ ತಳ್ಳಿದರು. ತರಬೇತಿಯಲ್ಲಿ ನಾನು ಕಲಿತದ್ದು ಎರಡು. ಒಂದು, ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ ಪಾಠ ಕಟ್ಟುವುದು. ಇನ್ನೊಂದು, ತರಬೇತುದಾರರು ಪ್ರತಿ ವಾಕ್ಯದ ಕೊನೆಗೆ "ಆಯ್ತಲ್ಲ? ಆಯ್ತು" ಎಂದು ತಾವೇ ಕೇಳಿ ತಾವೇ ಒಪ್ಪಿಕೊಳ್ಳುವುದು. ಎರಡನೆಯದನ್ನು ಹೆಚ್ಚು ಶ್ರದ್ಧೆಯಿಂದ ಕಲಿತೆ. ಮರುದಿನ ಊಟದ ಹೊತ್ತಿಗೆ ಅದನ್ನು ಮಾಡಿ ತೋರಿಸಿದಾಗ ಹೆಡ್ಮಾಸ್ಟ್ರ ನೆತ್ತಿಗೆ ಮಜ್ಜಿಗೆ ಏರಿತು.

ಹುಟ್ಟು ಚಾಳಿ ಅದು. ಶೃಂಗೇರಿ–ಕೊಪ್ಪ ಬಸ್ಸಿನ ಕಂಡಕ್ಟರು, ಎನ್.ಆರ್.ಪುರದಲ್ಲಿರುವ ನನ್ನ ಭಾವ, ಕೆಟ್ಟು ನಿಂತ ನನ್ನದೇ ಬೈಕು, ಯಾರನ್ನೂ ಬಿಟ್ಟವನಲ್ಲ. ಬೈಕಿನ ಮಿಮಿಕ್ರಿ ಕೇಳಿ ಮೆಕ್ಯಾನಿಕ್ಕು ರೋಗ ಏನೆಂದು ಹೇಳಿದ್ದೂ ಉಂಟು.

ತರಬೇತಿ ಮುಗಿಸಿ ಬಂದವನು ಶಾಲೆಯವರಿಗೆಲ್ಲ ಸಲಹೆ ಹಂಚತೊಡಗಿದೆ. ಪಾಠದ ಹೊತ್ತಿಗೆ ಫೋನು ಫ್ಲೈಟ್ ಮೋಡಿನಲ್ಲಿರಲಿ ಎಂದೆ. ಹೆಡ್ಮಾಸ್ಟ್ರು ಕೇಳಲಿಲ್ಲ. ಆರನೇ ಕ್ಲಾಸಿಗೆ ಸ್ಪೀಕರಿನಲ್ಲಿ ಸೌರಮಂಡಲ ನಡೆಯುತ್ತಿರುವಾಗ, ಫೋನು ಬಂತು, ಕತ್ತರಿಸಲು ಹೋಗಿ ಎತ್ತಿಬಿಟ್ಟರು; ಗುರುಗ್ರಹದ ಪಕ್ಕದಿಂದ ಅವರ ಮನೆಯವರ ದನಿ: "ರೀ, ಬರುವಾಗ ದನಕ್ಕೆ ಹಿಂಡಿ ತನ್ನಿ. ನಿನ್ನೆಯೂ ಮರೆತು ಬಂದಿದೀರಿ." ಆಮೇಲೆ ಅವರು ಫ್ಲೈಟ್ ಮೋಡನ್ನು ದೇವರಿಗೆ ದೀಪ ಹಚ್ಚಿದಷ್ಟು ಶ್ರದ್ಧೆಯಿಂದ ಹಚ್ಚುತ್ತಿದ್ದರು.

ಸ್ಪೀಕರಿನ ಚಾರ್ಜು ಮುಗಿದರೆ ಫೋನನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿ, ದನಿ ದೊಡ್ಡದಾಗುತ್ತದೆ ಎಂದೆ. ಅದು ಎಲ್ಲರಿಗೂ ಹಿಡಿಸಿತು. ಫೋನು ತುಂಬಿದ್ದರೆ ಹಳೇ ವಾಯ್ಸ್ ಮೆಸೇಜುಗಳನ್ನೆಲ್ಲ ಅಳಿಸಿ ಎಂದೆ. ಅಡುಗೆಯ ಅಕ್ಕ ಮಾತ್ರ ತನ್ನ ಫೋನನ್ನು ಕೊಡಲೇ ಇಲ್ಲ. "ತುಂಬ್ಲಿ ಬಿಡಿ ಸಾರ್. ನಿಮ್ಗೆ ಎಂತ ತೊಂದ್ರೆ?" ಎಂದು ಸೆರಗಿಗೆ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಫೋನು ಒಂದು ಫೋಟೊ ತೆಗೆಯಲೂ ಜಾಗವಿಲ್ಲದೆ ಒದ್ದಾಡುತ್ತಿತ್ತು. ಅದನ್ನೂ ಮಿಮಿಕ್ರಿ ಮಾಡಿದೆ, ಅವರು ನಗಲಿಲ್ಲ.

ಇಷ್ಟರ ನಡುವೆ ನಮ್ಮ ಟೀಚರ ದನಿ ಹೋಯಿತು.

ಟೀಚರೆಂದರೆ ಒಂದರಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವವರು. ಈ ವರ್ಷದ ಪರೀಕ್ಷೆ ಮುಗಿದರೆ ಅವರ ನೌಕರಿಯೂ ಮುಗಿಯುತ್ತದೆ. ನನ್ನನ್ನು ಬಂದ ದಿನದಿಂದ ಕರೆದದ್ದು 'ಮಾಣಿ' ಎಂದೇ, ಮನೆಯ ಹುಡುಗನನ್ನು ಕರೆದಂತೆ. ದೀಪಾವಳಿ ಕಳೆದ ಮೇಲೆ ಅವರ ಗಂಟಲು ಕಟ್ಟಿತು, ಕಷಾಯಕ್ಕೆ ಬಗ್ಗಲಿಲ್ಲ. ಶಿವಮೊಗ್ಗದ ಡಾಕ್ಟರು ನೋಡಿ, ಇಷ್ಟು ವರ್ಷ ಕೂಗಿ ಕೂಗಿ ಗಂಟಲಿನೊಳಗೆ ಗಂಟಾಗಿದೆ, ಇನ್ನು ಕೆಲವು ತಿಂಗಳು ಒಂದು ಮಾತೂ ಆಡಬಾರದು, ಪಿಸುಮಾತೂ ಬೇಡ ಎಂದರಂತೆ.

ಹೆಡ್ಮಾಸ್ಟ್ರು ಒಳ್ಳೆಯವರು. ಮೆತ್ತಗೆ ಹೇಳಿದರು: "ರಜೆ ಹಾಕಿ ಟೀಚರೇ. ಬೇಕಾದಷ್ಟು ರಜೆ ಇದೆ ನಿಮ್ದು. ಆರಾಮಾಗಿ ಮನೆಲಿರಿ, ಕೊನೆಗೆ ಬೀಳ್ಕೊಡುಗೆಗೆ ಬಂದ್ರಾಯ್ತು."

ಟೀಚರು ಮಗುವೊಂದರ ಸ್ಲೇಟು ಎಳೆದುಕೊಂಡು ಬರೆದರು: 'ಆಗದು. ಈ ಮಕ್ಕಳ ಜೊತೆಗೇ ಮುಗಿಸ್ತೇನೆ.'

"ಮಾತಿಲ್ದೆ ಒಂದನೇ ಕ್ಲಾಸಿಗೆ ಪಾಠ ಹೇಗೆ ಮಾಡ್ತೀರಿ ಮಾರಾಯ್ರೆ?"

ಟೀಚರು ಬರೆದ ಸಾಲಿನ ಕೆಳಗೆ ಒಂದು ಗೆರೆ ಎಳೆದರು. ಹೆಡ್ಮಾಸ್ಟ್ರು ಒಂದು ವಾರ ನೋಡೋಣ ಎಂದರು. ಪಾಠ ನಡೆದರೆ ಸರಿ, ಇಲ್ಲವಾದರೆ ರಜೆ ಅರ್ಜಿ.

ಟೀಚರು ನನ್ನ ಕಡೆ ನೋಡಿದರು. ಆವರೆಗೆ ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ನನ್ನ ಬಳಿ ಸಾಮಾನ್ಯವಾಗಿ ಜನ ಕೇಳುವುದು, 'ಆ ಕಂಡಕ್ಟರನ್ನು ಇನ್ನೊಮ್ಮೆ ಮಾಡು' ಎಂದು.

ನನಗೆ ಹೊಳೆದದ್ದೂ ಅದೇ. ಟೀಚರ ದನಿ ನನಗೆ ಬಾಯಿಪಾಠ. 'ಮಕ್ಕಳೇ' ಎನ್ನುವಾಗ 'ಳೇ'ಯನ್ನು ಸ್ವಲ್ಪ ಮೇಲೆತ್ತಿ ಇಳಿಸುವುದು, ಬೈಯುವಾಗಲೂ ನಗು ಬೆರೆಯುವುದು, ಎಲ್ಲ ಗೊತ್ತು. ಅವರು ಪಾಠ ಬರೆದುಕೊಟ್ಟರೆ ಅವರ ದನಿಯಲ್ಲಿ ನಾನೇ ರೆಕಾರ್ಡ್ ಮಾಡುತ್ತೇನೆ. ಅವರು ಕೋಣೆಯಲ್ಲಿ ನಿಂತು ಸ್ಪೀಕರು ಒತ್ತಿದರಾಯಿತು. ಜಾಗವನ್ನೂ ಹುಡುಕಿದೆ. ಬಿಸಿಯೂಟದ ಅಕ್ಕಿ ಮೂಟೆಗಳ ಕೋಣೆ. ಮೂಟೆಗಳು ಪ್ರತಿಧ್ವನಿಯನ್ನೆಲ್ಲ ನುಂಗುತ್ತವೆ. ರೆಕಾರ್ಡ್ ಮಾಡುವ ಯಾವ ಮೇಷ್ಟ್ರಿಗೂ ನಾನು ಇವತ್ತಿಗೂ ಹೇಳುವ ಮೊದಲ ಸಲಹೆ ಅದೇ. ಎರಡನೆಯದು, ಸೀನುವುದನ್ನು ಮೊದಲೇ ಮುಗಿಸಿಕೊಂಡು ಒಳಗೆ ಹೋಗಿ.

ಮೂಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಟೀಚರಾಗಿ, ದಾರಿ ತಪ್ಪಿದ ಕರುವಿನ ಕತೆ ಹೇಳಿದೆ. ಆಮೇಲೆ ತರಬೇತಿಯಲ್ಲಿ ತೋರಿಸಿದ್ದ ಆ್ಯಪಿನಲ್ಲಿ 'ಮೌನ ತೆಗೆದುಹಾಕು' ಎನ್ನುವ ಬಟನ್ನು ಒತ್ತಿದೆ. ಮಾತಿನ ನಡುವಿನ ಖಾಲಿ ಜಾಗಗಳನ್ನೆಲ್ಲ ಅದೇ ಕತ್ತರಿಸಿ ಬಿಗಿ ಮಾಡುತ್ತದೆ. ಖಾಲಿ ಬಿಟ್ಟರೆ ಮಕ್ಕಳ ಗಮನ ಚದುರುತ್ತದೆ, ಆಯ್ತಲ್ಲ? ಆಯ್ತು.

ಮರುದಿನ ಸ್ಪೀಕರು ಹಚ್ಚಿದೆವು. "ಮಕ್ಕಳೇ" ಎಂದ ಕೂಡಲೇ ಮಕ್ಕಳು ಟೀಚರ ಬಾಯಿ ನೋಡಿದವು, ಅದು ಮುಚ್ಚಿತ್ತು. ಆಮೇಲೆ ನನ್ನನ್ನು ನೋಡಿದವು. ಕತೆ ಓಡಿತು. ಕರು ಹಟ್ಟಿಯಿಂದ ಹೊರಟದ್ದು, ತೋಡಿನ ನೀರು ದಾಟಿದ್ದು, ಬಾವಿಯ ಬಳಿ ನಿಂತದ್ದು, ಎಲ್ಲ ಸರಸರ ಮುಗಿದೇ ಹೋಯಿತು. ಮಕ್ಕಳು ಹಾಗೇ ಕೂತಿದ್ದವು.

ಮುಂದಿನ ಸಾಲಿನ ಪುಟ್ಟ ಹುಡುಗಿ ಎದ್ದು ನಿಂತಳು. "ಸಾರ್, ಇದು ಟೀಚರಲ್ಲ. ನೀವು."

"ಯಾಕೆ? ದನಿ ಟೀಚರದ್ದೇ ಅಲ್ವಾ?"

"ದನಿ ಟೀಚರ್ದೇ. ಆದ್ರೆ ಟೀಚರ್ ಕೇಳಿದ್ ಮೇಲೆ ನಾವು ಹೇಳೋ ತನ್ಕ ಸುಮ್ನೆ ಇರ್ತಾರೆ. ಇದು ಇರ್ಲೇ ಇಲ್ಲ."

ಟೀಚರು ಸ್ಲೇಟು ತೋರಿಸಿದರು: 'ಮಾಣಿ, ನಿಂಗೆ ಬಸ್ಸು ತಪ್ಪುತ್ತಿತ್ತಾ?'

ಮತ್ತೆ ಅಕ್ಕಿ ಮೂಟೆ ಹತ್ತಿದೆ. ಈ ಸಲ ಬಟನ್ನು ಮುಟ್ಟಲಿಲ್ಲ, ಪ್ರಶ್ನೆ ಕೇಳಿ ಸುಮ್ಮನಿರಲು ನೋಡಿದೆ. ನನ್ನಿಂದ ಆಗಲಿಲ್ಲ. ಎರಡು ಎಣಿಸುವಷ್ಟರಲ್ಲಿ "ಹ್ಞೂಂ, ಹೇಳಿ ಹೇಳಿ, ಬೇಗ" ಎಂದುಬಿಡುತ್ತಿದ್ದೆ. ಎದುರಿಗೆ ಮಕ್ಕಳಿಲ್ಲದಾಗ ಎಷ್ಟು ಹೊತ್ತು ಕಾಯಬೇಕೆಂದು ಯಾರು ಹೇಳುತ್ತಾರೆ? ಒಂದು ಕಡೆ ಉತ್ತರ ಬರುವ ಮೊದಲೇ ಮುಂದಿನ ಮಾತು, ಇನ್ನೊಂದು ಕಡೆ ಉತ್ತರ ಬಂದು ಮುಗಿದರೂ ಸ್ಪೀಕರು ಸತ್ತಂತೆ ಬಿದ್ದಿರುವುದು. ಮಕ್ಕಳು ಪಾಠ ಬಿಟ್ಟು ನನ್ನನ್ನೇ ನೋಡಿ ನಗತೊಡಗಿದವು. ಬೇರೆ ದಿನವಾಗಿದ್ದರೆ ನನಗೆ ಅದಕ್ಕಿಂತ ಖುಷಿ ಇರುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಟೀಚರು ಸ್ಲೇಟಿನಲ್ಲಿ ಒಂದೇ ಸಾಲು ಬರೆದು ತೋರಿಸಿದರು: 'ಒಂದು ಬಿಳಿ ಹಾಳೆ ಕೊಡು.' ಅರ್ಜಿಗೆ. ಕೊಟ್ಟೆ. ಅವರು ಅದನ್ನು ಮೇಜಿನ ಮೇಲಿಟ್ಟು, ಮೂಲೆ ಮಡಚಿದ್ದನ್ನು ಬೆರಳಿನಿಂದ ನೇರ ಮಾಡುತ್ತಾ ಕೂತರು. ನನಗೆ ಆಗ ಯಾರ ದನಿಯೂ ಬರಲಿಲ್ಲ.

ಆ ಹೊತ್ತಿಗೆ ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ವಾರವಿಡೀ ಪಕ್ಕದ ಅಕ್ಕಿ ಕೋಣೆಯಿಂದ ನನ್ನ ಟೀಚರ್ ದನಿ ಕೇಳಿ ಅವರಿಗೆ ಸಿಟ್ಟು ಬಂದಿತ್ತು.

"ಎಂತ ಸಾರ್ ಇದು, ಹುಷಾರಿಲ್ದವರನ್ನ ಅಣಕಿಸೋದಾ?"

"ಅಣಕ ಅಲ್ಲಕ್ಕ. ಮಕ್ಕಳಿಗೆ ಟೀಚರ ದನಿ ಬೇಕು. ಅದಕ್ಕೆ."

"ಟೀಚರ ದನಿ ಬೇಕಾದ್ರೆ ನನ್ನನ್ ಕೇಳ್ಬಾರ್ದಾ? ನನ್ ಫೋನಲ್ಲಿ ಇದಾರಲ್ಲ ಟೀಚರು!"

ಸೊಂಟದಿಂದ ಫೋನು ತೆಗೆದರು. ಕೊರೋನಾದಲ್ಲಿ ಶಾಲೆ ಮುಚ್ಚಿದಾಗ ಟೀಚರು ದಿನವೂ ಮಕ್ಕಳ ಮನೆಗೆ ವಾಯ್ಸ್ ಮೆಸೇಜಿನಲ್ಲಿ ಪಾಠ ಕಳಿಸುತ್ತಿದ್ದರಂತೆ. ವೀಡಿಯೊಗೆ ರೇಂಜು ಎಲ್ಲಿ? ಆಗ ಅಕ್ಕನ ಮಗಳು ಒಂದನೇ ಕ್ಲಾಸು. ಈಗ ಇಲ್ಲೇ ಆರನೆಯದರಲ್ಲಿದ್ದಾಳೆ. ಅಕ್ಕ ಒಂದನ್ನೂ ಅಳಿಸಿರಲಿಲ್ಲ. ಕಾಯಿ ತುರಿಯುವಾಗ ಒಮ್ಮೊಮ್ಮೆ ಹಚ್ಚಿಕೊಳ್ಳುತ್ತಾರಂತೆ. "ಯಾಕೆ ಅಂದ್ರೆ ಎಂತ ಹೇಳ್ಲಿ? ಕೇಳೋಕೆ ಚೆಂದ" ಎಂದರು. ಅಳಿಸಿ, ಅಳಿಸಿ ಎಂದು ಅವರ ಬೆನ್ನು ಹತ್ತಿದ್ದ ತಂತ್ರಜ್ಞಾನ ತಜ್ಞ ತನ್ನ ಚಪ್ಪಲಿಯನ್ನು ಗಮನವಿಟ್ಟು ನೋಡಿಕೊಂಡ.

ಒತ್ತಿದೆವು.

"ಮಕ್ಕಳೇ, ಕೇಳಿಸ್ತಿದ್ಯಾ?"

'ಳೇ' ಮೇಲೆ ಹೋಗಿ ಇಳಿಯಿತು. ನಾನು ಮಾಡುವುದಕ್ಕಿಂತ ಕಡಿಮೆ ಏರಿ, ಎಷ್ಟೋ ಚೆನ್ನಾಗಿ ಇಳಿಯಿತು. ಆಮೇಲೆ ಮಾತಿಲ್ಲ. ಟೀಚರ ಮನೆಯ ಅಡುಗೆಮನೆಯಿರಬೇಕು, ಕುಕ್ಕರು ಒಮ್ಮೆ ಕೂಗಿತು. ಕಾಗೆಯೊಂದು ದೂರದಲ್ಲಿ. ಮೆಸೇಜು ಮುಗಿಯಿತೇನೋ ಎಂದು ನಾನು ಬೆರಳು ತರುವಷ್ಟರಲ್ಲಿ, "ಹ್ಞಾಂ, ಸರಿ. ಈಗ ನಮ್ಮ ಕರು ಎಲ್ಲಿಗೆ ಹೋಯ್ತು ನೋಡುವ" ಎಂದು ಟೀಚರು ಮುಂದುವರಿಸಿದರು. ಎದುರಿಗೆ ಯಾರೂ ಇಲ್ಲದ ಅಡುಗೆಮನೆಯಲ್ಲಿ, ಕೈಯಲ್ಲಿ ಫೋನು ಹಿಡಿದು, ಉತ್ತರಕ್ಕೆ ಕಾದಿದ್ದರು. ಪ್ರತಿ ಪ್ರಶ್ನೆಗೂ.

"ಅಷ್ಟು ಹೊತ್ತು ಕಾಯ್ಬೇಕು ಅಂತ ಹೇಗೆ ಗೊತ್ತಾಗ್ತಿತ್ತು ಟೀಚರೇ?" ಎಂದೆ. ನನಗೆ ನಿಜವಾಗಿ ತಿಳಿಯಬೇಕಿತ್ತು.

ಟೀಚರು ಅಡುಗೆಯ ಅಕ್ಕನ ಕಡೆ ನೋಡಿದರು. ಸ್ಲೇಟಿನಲ್ಲಿ ಬರೆದರು: 'ಇವಳ ಕೂಸಿಗೆ ಮಾತು ನಿಧಾನ. ಅದು ಹೇಳಿ ಮುಗಿಸುವಷ್ಟು.'

ಓದಿ ಹೇಳಿದೆ. ಅಕ್ಕ "ಅಯ್ಯೋ" ಎಂದು ಸೌಟಿನ ಹಿಂದೆ ಮುಖ ಮರೆಮಾಡಿಕೊಂಡರು. ಅಷ್ಟು ಸಣ್ಣ ಸೌಟಿನಲ್ಲಿ ಏನು ಮರೆಯಾಗುತ್ತದೆ?

ಶನಿವಾರದ ಬೆಳಗಿನ ಶಾಲೆಗೆ ಎಲ್ಲ ಸಿದ್ಧ ಮಾಡಿದೆ. ಅಕ್ಕನ ಫೋನಿನಿಂದ ನನ್ನ ಫೋನಿಗೆ ಬ್ಲೂಟೂತಿನಲ್ಲಿ ಕಳಿಸಿಕೊಂಡೆ; ಅದಕ್ಕೆ ಮರ ಹತ್ತಬೇಕಿಲ್ಲ. ಪ್ರತಿಯೊಂದಕ್ಕೂ ಪಾಠದ ಹೆಸರು ಕೊಟ್ಟೆ, ಇಲ್ಲವಾದರೆ ಲೆಕ್ಕದ ಬದಲು ಕರು ಬರುತ್ತದೆ. ಕುಕ್ಕರಿನ ಕೂಗು ಕತ್ತರಿಸಲೇ ಎಂದು ಕೇಳಿದೆ. ಟೀಚರು ಬೇಡ ಎಂದು ಕೈಯಾಡಿಸಿದರು.

ಸ್ಪೀಕರಿನ ಪಕ್ಕ ಟೀಚರು ನಿಂತರು. ಬಾಗಿಲಲ್ಲಿ ಹೆಡ್ಮಾಸ್ಟ್ರು, ಅರ್ಧ ಒಳಗೆ ಅರ್ಧ ಹೊರಗೆ.

"ಮಕ್ಕಳೇ, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ ಟೀಚರ್!" ಇಡೀ ಕೋಣೆ ಕೂಗಿತು. ಕುಕ್ಕರು ಕೂಗಿತು. ಮಕ್ಕಳು ಅದಕ್ಕೂ ನಕ್ಕು ಮುಗಿಸುವಷ್ಟು ಜಾಗ ಅಲ್ಲಿತ್ತು. "ಹ್ಞಾಂ, ಸರಿ" ಎಂದಿತು ಸ್ಪೀಕರು, ಅದೇ ಹೊತ್ತಿಗೆ ಟೀಚರು ತಲೆಯಾಡಿಸಿದರು.

"ಕರು ಯಾಕೆ ಬಾವಿ ಹತ್ರ ಹೋಯ್ತು?"

ಮಕ್ಕಳು ಯೋಚಿಸಿದವು. ಟೀಚರು ಒಬ್ಬೊಬ್ಬರನ್ನೇ ನೋಡುತ್ತಾ ಬಂದರು. ಮುಂದಿನ ಸಾಲಿನ ಪುಟ್ಟಿ ಬಾಯಿ ತೆರೆಯುವಷ್ಟರಲ್ಲಿ, ಅರ್ಧ ಗೋಡೆಯ ಆಚೆ ಆರನೇ ಕ್ಲಾಸಿನಿಂದ ನಿಧಾನವಾದ ಒಂದು ದನಿ ಬಂತು: "ಅದ್ರ ಅಮ್ಮ... ಅಲ್ಲಿ... ನೀರು ಕುಡಿತಿತ್ತು ಟೀಚರ್."

"ಹ್ಞಾಂ, ಸರಿ" ಎಂದಿತು ಸ್ಪೀಕರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಆರನೇ ಕ್ಲಾಸು ಗೊಳ್ಳೆಂದು ನಕ್ಕಿತು. ಟೀಚರು ಬೆನ್ನು ತಿರುಗಿಸಿ, ಏನೂ ಬರೆದಿರದ ಬೋರ್ಡನ್ನು ಬಟ್ಟೆಯಿಂದ ಒರೆಸತೊಡಗಿದರು. ಮಕ್ಕಳು ಕಾದವು.

ಶಾಲೆ ಬಿಡುವಾಗ ಹೆಡ್ಮಾಸ್ಟ್ರು ಮೇಜಿನ ಮೇಲೆ ಹುಡುಕಾಡಿದರು. "ಅಲ್ಲ ಟೀಚರೇ, ಆ ಅರ್ಜಿ..."

ಟೀಚರು ಸ್ಲೇಟೆತ್ತಿದರು: 'ಎಂತ ಅರ್ಜಿ?'

ಬಿಳಿ ಹಾಳೆ ಆಗಲೇ ಪುಟ್ಟಿಯ ಕೈ ಸೇರಿತ್ತು. ಅದರ ತುಂಬ ಒಂದು ಬಾವಿ, ಒಂದು ಹಸು, ಒಂದು ಕರು. ಪಕ್ಕದಲ್ಲಿ ಉದ್ದ ಕಾಲಿನ, ದೊಡ್ಡ ಬಾಯಿಯ ಒಂದು ಪ್ರಾಣಿ.

"ಇದೆಂತ ಪುಟ್ಟಿ?" ಎಂದೆ.

ಅವಳು ಕೂಡಲೇ ಹೇಳಲಿಲ್ಲ. ನಾನು ಕಾದೆ.

"ನೀವು ಸಾರ್."