ಬ್ರಿಜಿಡ್ ಅಂದರೆ ಏನು ಗೊತ್ತೇನ್ರಿ?

ನನಗೆ ಮೂಗಿನ ತುದಿಯಲ್ಲೇ ಕೋಪ. ಜಪಾನಿನ ಸೆಂಡಾಯ್‌ಗೆ ಬಂದು ಇಷ್ಟು ವರ್ಷ ಬಗ್ಗಿ ಬಗ್ಗಿ ‘ಸುಮಿಮಾಸೆನ್’, ಅಂದರೆ ‘ಕ್ಷಮಿಸಿ’, ಅಂದರೂ ಅದು ಕೆಳಗಿಳಿದಿಲ್ಲ. ಆದರೆ ಮಗಳ ನಾಮಕರಣದ ದಿನ ಬಂದ ಸಿಟ್ಟು ಮಾತ್ರ ನ್ಯಾಯವಾದದ್ದು. ಬೇಕಾದರೆ ನೀವೇ ಹೇಳಿ.

ಕೊರೊನಾ ಕಾಲ. ಜಪಾನಿನ ಬಾಗಿಲು ಮುಚ್ಚಿತ್ತು. ಬಾಣಂತನಕ್ಕೆಂದು ಅಂಟಿನುಂಡೆ ಕಟ್ಟಿಟ್ಟುಕೊಂಡಿದ್ದ ಅಮ್ಮ ಮೈಸೂರಿನಲ್ಲೇ ಉಳಿದಳು. ನನ್ನನ್ನು ನೋಡಿಕೊಂಡವರು ಮೇಲಿನ ಮನೆಯ ಐರ್ಲೆಂಡಿನ ಮೇಷ್ಟ್ರಮ್ಮ, ಬ್ರಿಜಿಡ್. ಅಮ್ಮ ಹೇಳಿದ ಮೆಣಸಿನ ಸಾರು ಮಾಡುವ ಬಗೆಯನ್ನು ನಾನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೆ. ತಿಂಗಳಿಡೀ ಆ ಸಾರು ಮಾಡಿ, ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ಮಾಸ್ಕಿನೊಳಗೇ ನಕ್ಕು ಹೋಗುತ್ತಿದ್ದರು.

ಮಗಳಿಗೆ ಅವರ ಹೆಸರನ್ನೇ ಇಡುತ್ತೇನೆಂದೆ. ಕಿವಿಯಲ್ಲಿ ಹೆಸರು ಕೂಗಬೇಕಾದವಳು ಸೋದರತ್ತೆ ತಾನೆ? ನನ್ನ ಗಂಡನ ಅಕ್ಕ ಸರೋಜಕ್ಕ ಬೆಂಗಳೂರಿನಿಂದ ವಿಡಿಯೋದಲ್ಲಿ ಬಂದವರೇ ಮುಖ ಗಂಟಿಕ್ಕಿದರು.

“ಅದೇನ್ ಹೆಸರಮ್ಮ? ಅರ್ಥ ಇಲ್ಲ, ಪರಂಪರೆ ಇಲ್ಲ. ನಾನಂತೂ ಕೂಗಲ್ಲ.”

ಅರ್ಥ ಇಲ್ಲವಂತೆ! ಬ್ರಿಜಿಡ್ ಎಂದರೆ ಉನ್ನತಳು. ಕಾವ್ಯ, ಕುಲುಮೆ, ಮದ್ದು ಮೂರನ್ನೂ ಕಾಯುವ ಐರ್ಲೆಂಡಿನ ಹಳೆಯ ದೇವತೆ. ಆಮೇಲೆ ಅದೇ ಹೆಸರಿನ ಸಂತಳು, ಆರದ ಬೆಂಕಿಯ ಒಡತಿ. ಅವಳ ಹಬ್ಬದ ಹಿಂದಿನ ಸಂಜೆ ಹೊರಗೆ ಹರವಿಟ್ಟ ಬಟ್ಟೆಯನ್ನು ಸೂಲಗಿತ್ತಿಯರು ಜೋಪಾನ ಮಾಡಿ ಹೆರಿಗೆಯಲ್ಲಿ ಬಳಸುತ್ತಿದ್ದರಂತೆ. ನಮ್ಮ ಯಾವ ಅಜ್ಜಿ ಇದನ್ನು ಬೇಡ ಅನ್ನುತ್ತಿದ್ದಳು? ಇನ್ನು ಸರೋಜಕ್ಕನ ಮಗಳ ಹೆಸರೋ, ಕಿಯಾರಾ! ನೆಟ್‌ನಲ್ಲಿ ‘ದೇವಿಯ ಹೆಸರು’ ಎಂದು ಓದಿ ಹೋಳಿಗೆ ಹಂಚಿದ್ದರು. ಅದೂ ಐರ್ಲೆಂಡಿನದೇ, ಕಪ್ಪು ಕೂದಲಿನವಳು ಎಂದರ್ಥ.

ಇಷ್ಟನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಗಂಡ ತೊಟ್ಟಿಲ ಹೊದಿಕೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ. ಮಗು ಹೆಸರಿಲ್ಲದೆ ಮಲಗಿತ್ತು.

ಪರದೆಯ ಇನ್ನೊಂದು ಮೂಲೆಯಿಂದ ಅಮ್ಮ ಬಾಯಿಬಿಟ್ಟಳು. “ಫೋನ್ ಮಗು ಕಿವಿ ಹತ್ರ ಹಿಡಿಯೇ. ನನಗೆ ಬರೋಕಾಗ್ಲಿಲ್ಲ, ಆಯಮ್ಮ ನನ್ನ ಜಾಗದಲ್ಲಿ ನಿಂತ್ಕೊಂಡ್ರು. ನಾನೇ ಕೂಗ್ತೀನಿ.”

“ನಿಲ್ಲೀಮ್ಮ!” ಸರೋಜಕ್ಕ ದಡಕ್ಕನೆ ಎದ್ದು ಕೂತರು. “ಸೋದರತ್ತೆ ನಾನಿನ್ನೂ ಇದೀನಿ!”

ಮೂರು ಸಲ ಕೂಗಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿರಿಯರ ಹೆಸರಿಟ್ಟ ಮಗುವನ್ನು ಆ ಹೆಸರು ಹಿಡಿದು ಬೈಯಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಮಗಳಿಗೀಗ ಎರಡು ವರ್ಷ. ದಿನಕ್ಕೊಮ್ಮೆ ಹಾಲು ಚೆಲ್ಲುತ್ತಾಳೆ. ನಾನು ಉರಿದು ಬಾಯಿ ತೆರೆಯುತ್ತೇನೆ. ಬಾಗಿಲಲ್ಲಿರುತ್ತಿದ್ದ ಸಾರಿನ ಪಾತ್ರೆ ನೆನಪಾಗುತ್ತದೆ. ಸುಮ್ಮನೆ ಒರೆಸುವ ಬಟ್ಟೆ ಹುಡುಕುತ್ತೇನೆ.